ಗೆರೆ ಸಪಾಟಾಗಿದ್ದರೆ ನೀರು ಅಂತಲೇ ಅಲ್ಲ: ಶಬ್ದದಿಂದ ನಡುಕಿವಿ ಪರೀಕ್ಷಿಸುವ ಬಗೆ

ಟಿಂಪನೋಮೆಟ್ರಿ ಎಂಬ ನಡುಕಿವಿ ಪರೀಕ್ಷೆ ಮಾಡಿದಾಗ ಯಂತ್ರ ಕೊಡುವ ಟಿಂಪನೋಗ್ರಾಮ್ ಚೀಟಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಗೆರೆಯ ಮೇಲೆ. ನಡುವೆ ಎದ್ದು ನಿಂತ ಪೀಕ್ ಇದ್ದರೆ ಕಿವಿ ಚೆನ್ನಾಗಿದೆ, ಇಲ್ಲದಿದ್ದರೆ ಕಿವಿಯಲ್ಲಿ ನೀರು ತುಂಬಿದೆ. ತೀರ್ಪು ಅಷ್ಟರಲ್ಲೇ ಮುಗಿಯುತ್ತದೆ. ಇದು ಅರ್ಧ ಮಾತ್ರ ಸರಿ. ಗೆರೆ ಸಪಾಟಾಗಲು ನೀರೂ ಕಾರಣ ಇರಬಹುದು, ಕಿವಿಯ ತಮಟೆಯಲ್ಲಿ ತೂತು ಇರಬಹುದು, ಅಥವಾ ಪ್ರೋಬ್ (ಕಿವಿಗೆ ಇಡುವ ಯಂತ್ರದ ತುದಿ) ಸುಮ್ನೆ ಗುಗ್ಗೆಗೆ ಒತ್ತಿಕೊಂಡು ಕೂತಿರಬಹುದು. ಮೂರಕ್ಕೂ ಗೆರೆ ಒಂದೇ ತರಹ. ಬೇರೆ ಮಾಡಿ ತೋರಿಸುವುದು ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿರುವ ಒಂದು ಅಂಕಿ. ಅದನ್ನು ಮೊದಲು ಓದಬೇಕು. ಈ ಬರಹದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ.

ಪ್ರೋಬ್ ಹಿಡಿಯಲು ಈಗಷ್ಟೇ ಕಲಿಯುತ್ತಿರುವವರಿಗೆ, ಮತ್ತು ಮಗುವಿನ ರಿಪೋರ್ಟ್ ಹಿಡಿದು ಕೂತು ತಲೆಬುಡ ಗೊತ್ತಾಗದ ಅಪ್ಪ ಅಮ್ಮಂದಿರಿಗೆ, ಇಬ್ಬರಿಗೂ ಇದು. ಅಲ್ಲಲ್ಲಿ ಸ್ವಲ್ಪ ತಾಂತ್ರಿಕ ಅನ್ನಿಸಿದರೆ ಜಿಗಿದು ಮುಂದೆ ಹೋಗಿ, ತೊಂದರೆ ಇಲ್ಲ.

ಒಳಗೆ ಏನಿದೆ, ಶಬ್ದ ಯಾಕೆ

ಕಿವಿಯ ಕೊಳವೆಯ ಕೊನೆಯಲ್ಲಿ ತಮಟೆ. ಅದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ. ಅದೇ ನಡುಕಿವಿ. ಅಲ್ಲಿ ಮೂರು ಪುಟ್ಟ ಮೂಳೆಗಳು ಒಂದಕ್ಕೊಂದು ಜೋಡಿಸಿಕೊಂಡು ತಮಟೆಯ ಅಲುಗಾಟವನ್ನು ಒಳಕಿವಿಗೆ ದಾಟಿಸುತ್ತವೆ. ಕೊನೆಯ ಮೂಳೆ ರಿಕಾಪಿನ ಆಕಾರದ್ದು, ಹೆಸರು ಸ್ಟೇಪೀಸ್. ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಯುಸ್ಟೇಷಿಯನ್ ನಾಳ ಇದೆ. ನಾವು ನುಂಗುವಾಗ, ಆಕಳಿಸುವಾಗ ಅದು ತೆರೆದುಕೊಂಡು ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡವನ್ನು ಸಮ ಮಾಡುತ್ತದೆ. ನೆಗಡಿ ಬಂದು ನಾಳ ಕಟ್ಟಿಕೊಂಡರೆ ಒಳಗಿನ ಗಾಳಿಯನ್ನು ಸುತ್ತಲಿನ ಪೊರೆ ಹೀರಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ, ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಹೀಗೇ ಮುಂದುವರಿದರೆ ನೀರು ಜಿನುಗಿ ತುಂಬಿಕೊಳ್ಳುತ್ತದೆ.

ತಮಟೆಯ ಆಚೆ ಏನಿದೆ ಎಂದು ಕಣ್ಣಿಗೆ ನೇರವಾಗಿ ಕಾಣುವುದಿಲ್ಲ. ಬಾಯಿ ಮುಚ್ಚಿದ ಕೊಡವನ್ನು ಬೆರಳಲ್ಲಿ ತಟ್ಟಿದರೆ ಖಾಲಿಯೋ ತುಂಬಿದೆಯೋ ಎಂದು ಸದ್ದಿನಿಂದಲೇ ಹೇಳಬಹುದು, ಅಲ್ವಾ? ಇಲ್ಲೂ ಅದೇ ಕೆಲಸ. ಸಣ್ಣದೊಂದು ಶಬ್ದವನ್ನು ತಮಟೆಯ ಮೇಲೆ ಬಿಡುವುದು, ಎಷ್ಟು ಒಳಗೆ ಹೋಯಿತು, ಎಷ್ಟು ವಾಪಸ್ ಬಂತು ಎಂದು ಅಳೆಯುವುದು. ಸಲೀಸಾಗಿ ಅಲುಗುವ ತಮಟೆ ಶಬ್ದವನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಬಿಗಿದ ತಮಟೆ, ಅಥವಾ ಹಿಂದೆ ನೀರು ತುಂಬಿದ ತಮಟೆ, ಜಾಸ್ತಿ ಪಾಲನ್ನು ಹಿಂದಕ್ಕೆ ತಳ್ಳುತ್ತದೆ.

ಕಿವಿಯ ಈ ಗುಣವನ್ನು ಅಳೆಯುವ ಕೆಲಸಕ್ಕೆ ಗಟ್ಟಿ ಅಡಿಪಾಯ ಹಾಕಿದ್ದು ಡೆನ್ಮಾರ್ಕಿನ ಒಟ್ಟೊ ಮೆಟ್ಜ್, 1946ರಲ್ಲಿ. ಗಾಳಿಯ ಒತ್ತಡವನ್ನು ಏರಿಸಿ ಇಳಿಸುತ್ತಾ ಅಳೆಯುವ ಪದ್ಧತಿಯನ್ನು 1959ರಲ್ಲಿ ಮುಂದಿಟ್ಟವರು ಟೆರ್ಕಿಲ್ಡ್‌ಸನ್ ಮತ್ತು ಥಾಮ್ಸನ್, ಅವರೂ ಡೆನ್ಮಾರ್ಕಿನವರೇ. ಇಂದು ಚೀಟಿಯ ಮೇಲೆ ಕಾಣುವ ಎ, ಬಿ, ಸಿ ಎಂಬ ಗುಂಪುಗಳು ಅಮೆರಿಕದ ಜೇಮ್ಸ್ ಜರ್ಗರ್ 1970ರಲ್ಲಿ ಬಳಕೆಗೆ ತಂದವು.

ಯಂತ್ರಕ್ಕೂ ಮೊದಲು ಒಂದು ಶ್ರುತಿಕವೆ

ಯಂತ್ರ ಇಲ್ಲದೆಯೂ ಒಂದಿಷ್ಟು ತಿಳಿಯಬಹುದು. ಈಗಲೇ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಬಾಯಿ ಮುಚ್ಚಿ "ಮ್ ಮ್ ಮ್" ಎಂದು ಗುನುಗಿ ನೋಡಿ. ಸದ್ದು ಮುಚ್ಚಿದ ಕಿವಿಯ ಕಡೆಗೇ ವಾಲುತ್ತದೆ. ತೆರೆದ ಕಿವಿಯಲ್ಲಿ ಜಾಸ್ತಿ ಕೇಳಬೇಕಿತ್ತು ಎನ್ನಿಸುತ್ತದೆ, ಆದರೆ ಆಗುವುದು ಉಲ್ಟಾ. ಮೂಳೆಯ ಮೂಲಕ ಬಂದ ಶಬ್ದ ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ಉಳಿಯುತ್ತದೆ, ಹೊರಗಿನ ಗದ್ದಲವೂ ಅಡ್ಡ ಬರುವುದಿಲ್ಲ.

ವೆಬರ್ ಪರೀಕ್ಷೆ ನಿಂತಿರುವುದು ಇದರ ಮೇಲೆಯೇ. 512 ಹರ್ಟ್ಸ್‌ನ ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ಮೊಣಕೈ ಅಥವಾ ಮೊಣಕಾಲಿಗೆ ಮೆಲ್ಲಗೆ ತಟ್ಟಿ (ಮೇಜಿಗೆ ಬಡಿಯಬೇಡಿ, ಬೇಡದ ಸ್ವರಗಳೂ ಏಳುತ್ತವೆ) ಅದರ ಬುಡವನ್ನು ಹಣೆಯ ನಡುವೆ ಇಡಿ. ಯಾವ ಕಡೆ ಕೇಳುತ್ತಿದೆ ಎಂದು ಕೇಳಿ. ಒಂದು ಕಿವಿ ಮಂದ ಇದ್ದು ಸದ್ದು ಆ ಮಂದ ಕಿವಿಗೇ ಹೋದರೆ ತೊಂದರೆ ಬಹುಶಃ ಹೊರಕಿವಿಯಲ್ಲೋ ನಡುಕಿವಿಯಲ್ಲೋ ಇದೆ. ಚೆನ್ನಾಗಿರುವ ಕಿವಿಗೆ ಹೋದರೆ ಮಂದ ಕಿವಿಯ ಒಳಕಿವಿ ಅಥವಾ ನರದ ಕಡೆ ಅನುಮಾನ ಪಡಬೇಕು. ಎರಡನೆಯದು ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಬಂದದ್ದಾದರೆ ಕಾಯುವ ಮಾತೇ ಇಲ್ಲ, ಅವತ್ತೇ ಕಿವಿ ಮೂಗು ಗಂಟಲು ವೈದ್ಯರ ಹತ್ತಿರ ಹೋಗಬೇಕು.

ರಿನ್ನೆ ಪರೀಕ್ಷೆ ಇದರ ಜೊತೆಯದು. ಕವೆಯ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿಯಿರಿ, ಆಮೇಲೆ ಕವೆಯ ಕಾಲುಗಳನ್ನು ಕಿವಿಯ ಮುಂದೆ ತನ್ನಿ. ಎಲ್ಲಿ ಜೋರು ಎಂದು ಕೇಳಿ. ಆರೋಗ್ಯವಾದ ಕಿವಿಗೆ ಗಾಳಿಯಲ್ಲೇ ಜೋರು. ಮೂಳೆಯಲ್ಲಿ ಜೋರಾಗಿ ಕೇಳಿದರೆ ಶಬ್ದ ಸಾಗುವ ದಾರಿಯಲ್ಲಿ ಅಡ್ಡಿ ಇದೆ ಎಂದರ್ಥ. ಆದರೆ ಗಾಳಿಗೂ ಮೂಳೆಗೂ ಸುಮಾರು 20 ರಿಂದ 25 ಡೆಸಿಬೆಲ್ ಅಂತರ ಬರುವ ತನಕ ಈ ಪರೀಕ್ಷೆ ಬಾಯಿ ಬಿಡುವುದಿಲ್ಲ. ಅಂದರೆ ಸಣ್ಣ ತೊಂದರೆ ತಪ್ಪಿಸಿಕೊಳ್ಳುತ್ತದೆ. ಇನ್ನೂ ಒಂದು ಮೋಸ ಇದೆ. ಒಂದು ಕಿವಿ ಪೂರ್ತಿ ಕೇಳದಿದ್ದರೆ ಮೂಳೆಯ ಶಬ್ದ ತಲೆಬುರುಡೆ ದಾಟಿ ಚೆನ್ನಾಗಿರುವ ಕಿವಿಗೆ ಹೋಗುತ್ತದೆ, ರೋಗಿ "ಹ್ಞೂಂ, ಮೂಳೆಯಲ್ಲೇ ಜೋರು" ಎನ್ನುತ್ತಾನೆ, ನಾವು ನಡುಕಿವಿ ತೊಂದರೆ ಎಂದು ಬರೆದುಕೊಳ್ಳುತ್ತೇವೆ. ರಿನ್ನೆ ಒಂದನ್ನೇ ಮಾಡಿ ನಿಲ್ಲಿಸಬಾರದು ಎನ್ನುವುದು ಇದಕ್ಕೇ.

ಪುಟ್ಟ ಮಕ್ಕಳಲ್ಲಿ ಇವೆರಡೂ ಅಷ್ಟಕ್ಕಷ್ಟೇ. ಎಲ್ಲಿ ಜೋರು ಎಂದು ಕೇಳಿದರೆ ನಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ.

ಪ್ರೋಬ್ ಇಡುವುದು: ಅರ್ಧ ಕೆಲಸ ಇಲ್ಲೇ ಇದೆ

ಮೊದಲು ಓಟೋಸ್ಕೋಪ್ (ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಉಪಕರಣ) ಹಾಕಿ ನೋಡಬೇಕು. ಇದನ್ನು ಬಿಟ್ಟು ಯಂತ್ರಕ್ಕೆ ಹೋಗುವುದು ಬೇಡ, ಎಷ್ಟೇ ಅವಸರ ಇದ್ದರೂ ಬೇಡ. ಗುಗ್ಗೆ ಎಷ್ಟಿದೆ, ಕೊಳವೆ ಯಾವ ಕಡೆ ಬಾಗಿದೆ, ಮಗು ಮಣಿ ಗಿಣಿ ತುರುಕಿಕೊಂಡಿದೆಯಾ, ಸೋರುತ್ತಿದೆಯಾ, ತಮಟೆ ಉಬ್ಬಿದೆಯಾ ಸೆಳೆದಿದೆಯಾ, ಎಲ್ಲಾ ನೋಡಿಕೊಳ್ಳಿ. ಕಿವಿ ಸೋರುತ್ತಿದ್ದರೆ, ಮುಟ್ಟಿದರೆ ಜೀವ ಹೋಗುವಷ್ಟು ನೋವಿದ್ದರೆ, ತಲೆಗೆ ಈಚೆಗೆ ಪೆಟ್ಟು ಬಿದ್ದಿದ್ದರೆ, ಈಚೆಗೆ ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದರೆ ಒತ್ತಡ ಹಾಕುವ ಪರೀಕ್ಷೆ ಮಾಡುವುದಿಲ್ಲ. ವೈದ್ಯರನ್ನು ಕೇಳಿಯೇ ಮುಂದಿನ ಹೆಜ್ಜೆ.

ಗುಗ್ಗೆ ಸ್ವಲ್ಪ ಇದ್ದರೆ ಚಿಂತೆ ಇಲ್ಲ. ಕೊಳವೆ ಪೂರ್ತಿ ಮುಚ್ಚಿದ್ದರೆ ಮಾತ್ರ ತೆಗೆಸಿ ಆಮೇಲೆ ಮಾಡಬೇಕು.

ಈಗ ತುದಿಯ ರಬ್ಬರ್ ಟಿಪ್. ಕೊಳವೆಯ ಬಾಯಿಗಿಂತ ಒಂಚೂರು ದೊಡ್ಡದನ್ನು ಆರಿಸಿ. ಇದು ಒಳಗೆ ತೂರಿಸುವ ವಸ್ತು ಅಲ್ಲ, ಬಾಯಿಗೆ ಮುಚ್ಚಳದಂತೆ ಕೂರಬೇಕಾದದ್ದು. ದೊಡ್ಡವರಿಗೆ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಎಳೆ ಮಗುವಿಗೆ ಕೆಳಕ್ಕೂ ಹಿಂದಕ್ಕೂ. ಎಳೆದಾಗ ಕೊಳವೆ ನೇರವಾಗುತ್ತದೆ. ಟಿಪ್ಪನ್ನು ಕಣ್ಣಿನ ದಿಕ್ಕಿಗೆ ಮುಖ ಮಾಡಿ ಸ್ವಲ್ಪ ತಿರುಗಿಸುತ್ತಾ ಕೂರಿಸಿ, ಎಳೆದ ಕಿವಿಯನ್ನು ಆಮೇಲೆ ಬಿಡಿ. ಕಿವಿ ತಾನಾಗಿ ಟಿಪ್ಪನ್ನು ಹಿಡಿದುಕೊಳ್ಳುತ್ತದೆ. ಗಾಳಿ ಸೋರಿದರೆ ಯಂತ್ರವೇ ಹೇಳುತ್ತದೆ. ಆಗ ಒತ್ತಿ ಒತ್ತಿ ಹಿಡಿಯುವುದು ಹೊಸಬರ ಅಭ್ಯಾಸ. ಒತ್ತಿದರೆ ಕೊಳವೆಯ ಗೋಡೆ ಮಡಚಿ ಪ್ರೋಬಿನ ಬಾಯಿ ಮುಚ್ಚುತ್ತದೆ, ಯಂತ್ರಕ್ಕೆ ಒಳ್ಳೆಯ ಸೀಲ್ ಸಿಕ್ಕಂತಾಗುತ್ತದೆ, ಚೀಟಿಯಲ್ಲಿ ಅಚ್ಚುಕಟ್ಟಾದ ಸಪಾಟು ಗೆರೆ ಮೂಡುತ್ತದೆ. ಇಲ್ಲದ ರೋಗ ಹುಟ್ಟುವುದು ಹೀಗೆ. ಒತ್ತುವ ಬದಲು ಟಿಪ್ ಬದಲಿಸಿ.

"ಕಿವಿಯಲ್ಲಿ ಸ್ವಲ್ಪ ಗಾಳಿ ಒತ್ತಿದ ಹಾಗಾಗುತ್ತದೆ, ಒಂದು ಸಣ್ಣ ಗುಂಯ್ ಸದ್ದು ಬರುತ್ತದೆ, ಮಾತಾಡಬೇಡಿ, ನುಂಗಬೇಡಿ" ಎಂದು ಮೊದಲೇ ಹೇಳಿ. ಕೆಲವೇ ಸೆಕೆಂಡಿನ ಕೆಲಸ. ಮಗುವಾದರೆ ಅಮ್ಮನ ತೊಡೆಯ ಮೇಲೆ ಕೂರಿಸಿ, ಕಣ್ಣಿಗೆ ಏನಾದರೂ ಅಲುಗುವ ವಸ್ತು ತೋರಿಸಿ. ಅಳುವಾಗ, ಚೀಪುವಾಗ, ಮೂಗೆಳೆಯುವಾಗ ಗೆರೆ ಹಲ್ಲುಹಲ್ಲಾಗಿ ಬರುತ್ತದೆ. ಅಂಥ ಗೆರೆಯನ್ನು ಓದಲು ಹೋಗಬೇಡಿ. ಸಪಾಟು ಗೆರೆ ಬಂದಾಗ ಪ್ರೋಬ್ ತೆಗೆದು, ಪ್ರೋಬಿನ ತೂತಿನಲ್ಲಿ ಗುಗ್ಗೆ ಸಿಕ್ಕಿದೆಯಾ ನೋಡಿ, ಇನ್ನೊಮ್ಮೆ ಮಾಡಿ. ಎರಡು ಸಲವೂ ಅದೇ ಬಂದರೆ ಮಾತ್ರ ನಂಬಿ. ಯಂತ್ರದ ಮೇಲೇ ಅನುಮಾನ ಬಂದರೆ ಜೊತೆಗೆ ಕೊಟ್ಟಿರುವ ಪರೀಕ್ಷಾ ಗೂಡುಗಳಿಗೆ ಪ್ರೋಬ್ ಇಟ್ಟು ನೋಡಬಹುದು. 0.5, 2 ಮತ್ತು 5 ಮಿಲಿಲೀಟರಿನವು ಇರುತ್ತವೆ. ಬರಬೇಕಾದ ಅಂಕಿ ಬರದಿದ್ದರೆ ಅವತ್ತಿನ ರಿಪೋರ್ಟುಗಳನ್ನೇ ಅನುಮಾನಿಸಬೇಕು.

ಯಂತ್ರ ಏನು ಮಾಡುತ್ತದೆ

ಪ್ರೋಬಿನಲ್ಲಿ ಮೂರು ದಾರಿ ಇರುತ್ತವೆ. ಒಂದರಿಂದ ಶಬ್ದ ಹೋಗುತ್ತದೆ, ಒಂದರಲ್ಲಿ ಮೈಕ್ ಇದೆ, ಇನ್ನೊಂದು ಗಾಳಿಯ ಪಂಪಿಗೆ. ಶಬ್ದ ಸಾಮಾನ್ಯವಾಗಿ 226 ಹರ್ಟ್ಸ್. ಈ ವಿಚಿತ್ರ ಅಂಕಿ ಯಾಕೆ ಎಂದರೆ, ಸಮುದ್ರ ಮಟ್ಟದಲ್ಲಿ ಈ ಸ್ವರಕ್ಕೆ 1 ಮಿಲಿಲೀಟರ್ ಗಾಳಿಯ ಅಳತೆ ಸರಿಯಾಗಿ 1 ಮಿಲಿಮೋ (ಶಬ್ದ ಎಷ್ಟು ಸಲೀಸಾಗಿ ಒಳಗೆ ಹೋಗುತ್ತದೆ ಎಂಬುದರ ಅಳತೆ) ಆಗುತ್ತದೆ, ಯಂತ್ರ ಹೊಂದಿಸುವುದು ಸುಲಭ. ಕಿವಿಗೆ ಆ ಸ್ವರದ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ.

ಪಂಪ್ ಮೊದಲು +200 ಡೆಕಾಪ್ಯಾಸ್ಕಲ್ ತನಕ ಒತ್ತಡ ಏರಿಸುತ್ತದೆ. ತಮಟೆ ಬಿಗಿಯುತ್ತದೆ, ಶಬ್ದ ಒಳಗೆ ಹೋಗುವುದಿಲ್ಲ. ಆಮೇಲೆ ಮೆಲ್ಲಗೆ ಇಳಿಸುತ್ತಾ -200ಕ್ಕೋ -400ಕ್ಕೋ ತರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಹೊರಗಿನ ಒತ್ತಡವೂ ತಮಟೆಯ ಹಿಂದಿನ ಒತ್ತಡವೂ ಸಮ ಆಗುತ್ತವೆ. ಆ ಗಳಿಗೆಯಲ್ಲಿ ತಮಟೆ ಅತಿ ಸಡಿಲ. ಶಬ್ದ ಅತಿ ಹೆಚ್ಚು ಒಳಗೆ ಹೋಗುತ್ತದೆ. ಗೆರೆಯ ಪೀಕ್ ಅಂದರೆ ಇದೇ. ಪೀಕ್ ಎಲ್ಲಿ ಬಂತೋ ಅದೇ ನಡುಕಿವಿಯೊಳಗಿನ ಒತ್ತಡ, ಹೆಚ್ಚು ಕಡಿಮೆ.

ಚೀಟಿಯಲ್ಲಿ ಏನನ್ನು ಯಾವ ಕ್ರಮದಲ್ಲಿ ಓದಬೇಕು

ಮೊದಲು ಕೊಳವೆಯ ಗಾತ್ರ, ಆರಂಭದಲ್ಲಿ ಹೇಳಿದ ಚಿಕ್ಕ ಅಕ್ಷರದ ಅಂಕಿ ಇದೇ. ಚೀಟಿಯಲ್ಲಿ "ಇಸಿವಿ" ಅಥವಾ "ವಾಲ್ಯೂಮ್" ಎಂದಿರುತ್ತದೆ. ಪ್ರೋಬಿನ ತುದಿಯಿಂದ ತಮಟೆಯ ತನಕ ಇರುವ ಗಾಳಿಯ ಅಳತೆ ಇದು. ಮಕ್ಕಳಿಗೆ ಸುಮಾರು 0.3 ರಿಂದ 1 ಮಿಲಿಲೀಟರ್, ದೊಡ್ಡವರಿಗೆ ಸುಮಾರು 0.6 ರಿಂದ 2ರ ಒಳಗೆ. ಎರಡು ಕಿವಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಇನ್ನೂ ಒಳ್ಳೆಯದು, ಒಬ್ಬರ ಎರಡು ಕಿವಿಗಳ ಗಾತ್ರದಲ್ಲಿ ಸಾಮಾನ್ಯವಾಗಿ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ.

ಈಗ ಸಪಾಟು ಗೆರೆಗೆ ಬರೋಣ. ಇದನ್ನೇ ಬಿ ಟೈಪ್ ಎನ್ನುತ್ತಾರೆ.

ಗೆರೆ ಸಪಾಟು, ಗಾತ್ರ ಸಹಜ: ತಮಟೆಯ ಹಿಂದೆ ನೀರು ಇರುವ ಸಾಧ್ಯತೆ ಜಾಸ್ತಿ.

ಗೆರೆ ಸಪಾಟು, ಗಾತ್ರ ತೀರಾ ಚಿಕ್ಕದು, ಉದಾಹರಣೆಗೆ ದೊಡ್ಡವರ ಕಿವಿಯಲ್ಲಿ 0.2: ಇದು ರೋಗವಲ್ಲ. ಪ್ರೋಬಿನ ಮುಂದೆ ಏನೋ ಅಡ್ಡ ಇದೆ. ಗುಗ್ಗೆ, ಇಲ್ಲವೇ ಕೊಳವೆಯ ಗೋಡೆ. ತೆಗೆದು ಮತ್ತೆ ಇಡಿ.

ಗೆರೆ ಸಪಾಟು, ಗಾತ್ರ ತುಂಬಾ ದೊಡ್ಡದು, ದೊಡ್ಡವರಲ್ಲಿ 2.5ಕ್ಕಿಂತ ಮೇಲೆ ಅಥವಾ ಪುಟ್ಟ ಮಗುವಿನಲ್ಲಿ 1ಕ್ಕಿಂತ ಸಾಕಷ್ಟು ಮೇಲೆ: ತಮಟೆಯಲ್ಲಿ ತೂತಿದೆ. ಯಂತ್ರ ಈಗ ಅಳೆಯುತ್ತಿರುವುದು ಕೊಳವೆಯನ್ನು ಮಾತ್ರ ಅಲ್ಲ, ಆಚೆಯ ಕೋಣೆಯನ್ನೂ ಸೇರಿಸಿ.

ಗ್ರೋಮೆಟ್, ಅಂದರೆ ಗಾಳಿ ಆಡಲಿ ಎಂದು ತಮಟೆಯಲ್ಲಿ ಕೂರಿಸುವ ಪುಟ್ಟ ನಳಿಕೆ, ಹಾಕಿಸಿಕೊಂಡ ಮಗುವಿನಲ್ಲಿ ಈ ಕೊನೆಯದು ಸಂತೋಷದ ಸುದ್ದಿ. ಸಪಾಟು ಗೆರೆ, ದೊಡ್ಡ ಗಾತ್ರ ಎಂದರೆ ಗ್ರೋಮೆಟ್ ತೆರೆದಿದೆ, ಗಾಳಿ ಆಡುತ್ತಿದೆ. ಸಪಾಟು ಗೆರೆಯ ಜೊತೆ ಗಾತ್ರ ಸಹಜಕ್ಕೆ ಬಂದಿದ್ದರೆ ಗ್ರೋಮೆಟ್ ಕಟ್ಟಿಕೊಂಡಿದೆ ಎಂದು ಅನುಮಾನಿಸಬೇಕು. ಚೀಟಿಯಲ್ಲಿ "ಬಿ" ನೋಡಿ ಗಾಬರಿಯಾದ ತಾಯಂದಿರು ಎಷ್ಟೋ ಜನ. ಗಾತ್ರದ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದರೆ ಅರ್ಧ ನಿಮಿಷದಲ್ಲಿ ಸಮಾಧಾನ ಆಗುತ್ತಾರೆ. ಆ ಅರ್ಧ ನಿಮಿಷ ಯಾಕೆ ಕೊಡುವುದಿಲ್ಲವೋ ನನಗೆ ಗೊತ್ತಿಲ್ಲ.

ತೂತಿದ್ದೂ ಗಾತ್ರ ಸಹಜವಾಗಿ ಬರುವುದುಂಟು. ಒಳಗಿನ ಕೋಣೆ ಕೀವಿನಿಂದಲೋ ಊದಿದ ಪೊರೆಯಿಂದಲೋ ತುಂಬಿದ್ದರೆ ಅಳೆಯಲು ಅಲ್ಲಿ ಗಾಳಿಯೇ ಇರುವುದಿಲ್ಲ. ಕಣ್ಣಿನಿಂದ ನೋಡುವುದನ್ನು ಬಿಡಬೇಡಿ ಎಂದದ್ದು ಇದಕ್ಕೇ.

ಎರಡನೆಯದು ಪೀಕ್ ಎಲ್ಲಿದೆ. ಸೊನ್ನೆಯ ಆಸುಪಾಸು ಇದ್ದರೆ ಸಹಜ, ಅದೇ ಎ ಟೈಪ್. -100ರ ತನಕ ದೊಡ್ಡವರಲ್ಲಿ ಒಪ್ಪುತ್ತಾರೆ, ಮಕ್ಕಳಲ್ಲಿ ಇನ್ನೂ ಸ್ವಲ್ಪ ಕೆಳಗೆ ಹೋದರೂ ಬಿಟ್ಟುಕೊಡುವವರಿದ್ದಾರೆ. ಅದಕ್ಕಿಂತ ಕೆಳಗೆ ಸರಿದಿದ್ದರೆ ಸಿ ಟೈಪ್, ಯುಸ್ಟೇಷಿಯನ್ ನಾಳ ಸರಿಯಾಗಿ ತೆರೆಯುತ್ತಿಲ್ಲ. ನೆಗಡಿ ಬಂದು ಹೋಗುವಾಗ ಇದು ತೀರಾ ಸಾಮಾನ್ಯ, ಒಂದು ದಿನ ಸಿ, ವಾರ ಬಿಟ್ಟು ಎ. ಒಂದೇ ಸಿ ಚೀಟಿ ಹಿಡಿದು ಔಷಧಿಗೆ ಓಡುವುದರಲ್ಲಿ ಅರ್ಥವಿಲ್ಲ.

ಮೂರನೆಯದು ಪೀಕ್ ಎಷ್ಟು ಎತ್ತರ. ದೊಡ್ಡವರಲ್ಲಿ ಸುಮಾರು 0.3 ರಿಂದ 1.6 ಮಿಲಿಲೀಟರ್, ಮಕ್ಕಳಲ್ಲಿ ಕೆಳಗಿನ ಮಿತಿ ಸುಮಾರು 0.2. ಪೀಕ್ ಸರಿಯಾದ ಜಾಗದಲ್ಲಿದ್ದು ತೀರಾ ಕುಳ್ಳಗಿದ್ದರೆ ಎ-ಎಸ್, ಏನೋ ಬಿಗಿಯಾಗಿದೆ. ತೀರಾ ಎತ್ತರ ಇದ್ದರೆ ಎ-ಡಿ, ಏನೋ ಸಡಿಲವಾಗಿದೆ. ಸಡಿಲ ಅಂದರೆ ಮೂಳೆಗಳ ಸರಪಳಿ ಕಳಚಿರಬಹುದು, ಅಥವಾ ಹಳೆಯ ತೂತು ತೆಳುವಾದ ಚರ್ಮದಿಂದ ಮುಚ್ಚಿಕೊಂಡಿರಬಹುದು. ಎರಡನೆಯದರಿಂದ ತೊಂದರೆ ಏನೂ ಇಲ್ಲದೆಯೂ ಇರಬಹುದು. ಹಾಗಾಗಿ ಎತ್ತರ ಒಂದನ್ನೇ ನೋಡಿ ರೋಗದ ಹೆಸರು ಹೇಳುವುದು ತಪ್ಪು. ಎ-ಎಸ್ ಬಂದವರಲ್ಲಿ ಎಷ್ಟೋ ಜನರ ಕಿವಿ ಚೆನ್ನಾಗೇ ಇರುತ್ತದೆ, ಸ್ಟೇಪೀಸ್ ಅಂಟಿಕೊಂಡವರಲ್ಲಿ ಎಷ್ಟೋ ಜನರಿಗೆ ಅಚ್ಚುಕಟ್ಟಾದ ಎ ಬರುತ್ತದೆ. ಯಾಕೆಂದರೆ ಈ ಪರೀಕ್ಷೆಗೆ ಜಾಸ್ತಿ ಕೇಳಿಸುವುದು ತಮಟೆಯ ಮಾತು. ಅದರ ಹಿಂದೆ ಆಳದಲ್ಲಿರುವ ಸ್ಟೇಪೀಸಿನ ಮಾತು ಅದಕ್ಕೆ ಅಷ್ಟಾಗಿ ತಲುಪುವುದಿಲ್ಲ.

ಪೀಕಿನ ಅಗಲವನ್ನೂ ಕೆಲವು ಯಂತ್ರಗಳು ಕೊಡುತ್ತವೆ. ಮಗುವಿನಲ್ಲಿ ಅದು 250 ಡೆಕಾಪ್ಯಾಸ್ಕಲ್ ದಾಟಿದರೆ, ಪೀಕ್ ಇದ್ದರೂ, ನೀರಿನ ಅನುಮಾನ ಇಟ್ಟುಕೊಳ್ಳಿ.

ಒಂದು ಅಪರೂಪದ್ದೂ ಹೇಳಿಬಿಡುತ್ತೇನೆ. ಗೆರೆಯಲ್ಲಿ ಸಣ್ಣ ಅಲೆಗಳು ಒಂದೇ ಲಯದಲ್ಲಿ ಕಂಡರೆ ರೋಗಿಯ ನಾಡಿ ಹಿಡಿದು ನೋಡಿ. ನಾಡಿಯ ಜೊತೆ ಹೆಜ್ಜೆ ಹಾಕುತ್ತಿದ್ದರೆ ತಮಟೆಯ ಹಿಂದೆ ರಕ್ತನಾಳದ ಗಡ್ಡೆಯ ಸಾಧ್ಯತೆ ಇದೆ, ವೈದ್ಯರಿಗೆ ತಿಳಿಸಲೇಬೇಕು. ಉಸಿರಿನ ಜೊತೆ ಏರಿಳಿದರೆ ಯುಸ್ಟೇಷಿಯನ್ ನಾಳ ಮುಚ್ಚದೆ ತೆರೆದೇ ಉಳಿದಿದೆ ಎಂದರ್ಥ.

ಆರು ತಿಂಗಳ ಒಳಗಿನ ಮಗುವಾದರೆ

226 ಹರ್ಟ್ಸ್ ಬಳಸಬೇಡಿ. ಎಳೆ ಮಗುವಿನ ಕೊಳವೆಯ ಗೋಡೆ ಮೆತ್ತಗೆ, ಒತ್ತಡಕ್ಕೆ ಅದೂ ಅಲುಗುತ್ತದೆ, ನಡುಕಿವಿಯ ಗುಣವೂ ಬೇರೆ. ಒಳಗೆ ನೀರಿದ್ದರೂ ಚೆಂದದ ಪೀಕ್ ಬಂದುಬಿಡಬಹುದು. ಈ ವಯಸ್ಸಿಗೆ 1000 ಹರ್ಟ್ಸ್ ಬೇಕು. ನವಜಾತ ಶಿಶುವಿನ ಶ್ರವಣ ತಪಾಸಣೆಯಲ್ಲಿ ಮರುಪರೀಕ್ಷೆ ಹೇಳಿದ್ದರೆ, ಯಾವ ಸ್ವರದಲ್ಲಿ ಟಿಂಪನೋಮೆಟ್ರಿ ಮಾಡಿದರು ಎಂದು ಕೇಳುವ ಹಕ್ಕು ನಿಮಗಿದೆ. ಚೀಟಿಯ ಮೂಲೆಯಲ್ಲೇ ಬರೆದಿರುತ್ತದೆ.

ರಿಫ್ಲೆಕ್ಸ್: ಟಿಂಪನೋಗ್ರಾಮ್ ಬಿಟ್ಟದ್ದನ್ನು ಹಿಡಿಯುವುದು

ಜೋರಾದ ಶಬ್ದ ಕಿವಿಗೆ ಬಿದ್ದರೆ ಸ್ಟೇಪೀಸಿಗೆ ಅಂಟಿದ ಪುಟ್ಟ ಸ್ನಾಯು ಬಿಗಿಯುತ್ತದೆ. ಇದೇ ರಿಫ್ಲೆಕ್ಸ್. ಒಂದು ಕಿವಿಗೆ ಶಬ್ದ ಕೊಟ್ಟರೂ ಎರಡೂ ಕಡೆ ಬಿಗಿಯುತ್ತದೆ. ಬಿಗಿದಾಗ ತಮಟೆಯ ಸಡಿಲತೆ ಒಂಚೂರು ಬದಲಾಗುತ್ತದೆ, ಪ್ರೋಬ್ ಅದನ್ನು ಹಿಡಿಯುತ್ತದೆ. 500, 1000, 2000 ಹರ್ಟ್ಸ್‌ಗಳಲ್ಲಿ ಮಾಡುತ್ತಾರೆ. ಸಹಜ ಕಿವಿಯಲ್ಲಿ ಸುಮಾರು 70 ರಿಂದ 100 ಡೆಸಿಬೆಲ್ ಒಳಗೆ ರಿಫ್ಲೆಕ್ಸ್ ಸಿಗುತ್ತದೆ. ಶಬ್ದ ಜೋರಾಗಿರುತ್ತದೆ, ಹಾಗಾಗಿ ಸಣ್ಣ ಸದ್ದಿಗೂ ಹಿಂಸೆಪಡುವವರಲ್ಲಿ, ಕಿವಿಯಲ್ಲಿ ಸದಾ ಗುಂಯ್ ಎನ್ನುವವರಲ್ಲಿ ಜಾಗ್ರತೆ.

ನೆನಪಿಡಬೇಕಾದ ಸೂತ್ರ ಸುಲಭ. ಪ್ರೋಬ್ ಇಟ್ಟ ಕಿವಿಯ ನಡುಕಿವಿಯಲ್ಲಿ ಸಣ್ಣ ತೊಂದರೆ ಇದ್ದರೂ ಆ ಕಡೆ ರಿಫ್ಲೆಕ್ಸ್ ಕಾಣುವುದಿಲ್ಲ. ಸ್ನಾಯು ಬಿಗಿದರೂ ಅದರ ಅಲುಗಾಟ ತಮಟೆಗೆ ತಲುಪುವುದಿಲ್ಲ. ಶಬ್ದ ಕೊಟ್ಟ ಕಿವಿಯಲ್ಲಿ ತೊಂದರೆ ಇದ್ದರೆ ಅಷ್ಟು ಕಟ್ಟುನಿಟ್ಟಿಲ್ಲ, ಅಡ್ಡಿಯ ಪ್ರಮಾಣದಷ್ಟು ಜೋರಾಗಿ ಕೊಟ್ಟರೆ ಸಿಗಬಹುದು. ಎ ಟೈಪ್ ಗೆರೆ, ಮಂದವಾದ ಶ್ರವಣ, ರಿಫ್ಲೆಕ್ಸ್ ಇಲ್ಲ, ತಮಟೆ ನೋಡಲು ಚೆನ್ನಾಗಿದೆ. ಈ ನಾಲ್ಕು ಒಟ್ಟಿಗೆ ಬಂದರೆ ಓಟೋಸ್ಕ್ಲೆರೋಸಿಸ್, ಅಂದರೆ ಸ್ಟೇಪೀಸ್ ಮೂಳೆ ಅಂಟಿಕೊಳ್ಳುವ ರೋಗ, ಮನಸ್ಸಿಗೆ ಬರಬೇಕು. ಇದರ ತೀರಾ ಆರಂಭದಲ್ಲಿ ರಿಫ್ಲೆಕ್ಸ್ ಗೆರೆ ಶಬ್ದ ಶುರುವಾದಾಗ ಒಮ್ಮೆ, ನಿಂತಾಗ ಇನ್ನೊಮ್ಮೆ ಉಲ್ಟಾ ಜಿಗಿಯುವುದುಂಟು.

ಆಡಿಯೋಗ್ರಾಮ್ ಇಲ್ಲದೆ ಮಾತು ಪೂರ್ತಿಯಾಗದು

ಟಿಂಪನೋಗ್ರಾಮ್ ಶ್ರವಣ ಪರೀಕ್ಷೆ ಅಲ್ಲ. ಎ ಟೈಪ್ ಬಂದು ಪೂರ್ತಿ ಕಿವುಡಾಗಿರುವ ಮಗುವೂ ಇರಬಹುದು, ತಮಟೆ ಅಲುಗುತ್ತದೆ, ನರ ಕೇಳುವುದಿಲ್ಲ, ಅಷ್ಟೇ. "ಟೆಸ್ಟ್ ನಾರ್ಮಲ್ ಬಂತು" ಎಂದು ಮನೆಗೆ ಹೋಗುವ ಮುಂಚೆ ಯಾವ ಟೆಸ್ಟ್ ಎಂದು ಕೇಳಿ.

ಆಡಿಯೋಗ್ರಾಮಿನಲ್ಲಿ, ಅಂದರೆ ನಿಜವಾದ ಶ್ರವಣ ಪರೀಕ್ಷೆಯಲ್ಲಿ, ಗಾಳಿಯ ಮೂಲಕ ಮತ್ತು ಮೂಳೆಯ ಮೂಲಕ ಬೇರೆ ಬೇರೆಯಾಗಿ ಅಳೆಯುತ್ತಾರೆ. ಎರಡರ ನಡುವೆ 10 ಡೆಸಿಬೆಲ್‌ಗಿಂತ ಜಾಸ್ತಿ ಅಂತರ ಇದ್ದರೆ ಶಬ್ದದ ದಾರಿಯಲ್ಲಿ ಅಡ್ಡಿ ಇದೆ. ನೀರು ತುಂಬಿದ ಕಿವಿಯಲ್ಲಿ ಶ್ರವಣ ಸಾಮಾನ್ಯವಾಗಿ 20 ರಿಂದ 30 ಡೆಸಿಬೆಲ್ ಆಸುಪಾಸು ಇಳಿಯುತ್ತದೆ. ಮಗು ಕರೆದರೆ ತಿರುಗುತ್ತದೆ, ಆದರೆ ಪಿಸುಮಾತು, ದೂರದ ಮಾತು, ಗದ್ದಲದಲ್ಲಿನ ಮಾತು ಕೈತಪ್ಪುತ್ತವೆ. ಶಾಲೆಯಲ್ಲಿ "ಗಮನ ಕೊಡುವುದಿಲ್ಲ" ಎಂಬ ದೂರು ಬರುವುದು ಇಂಥ ಮಕ್ಕಳ ಮೇಲೇ. ಅಂತರ 60ರ ಹತ್ತಿರ ಹೋಗಿದ್ದು ತಮಟೆ ಪೂರ್ತಿ ಇದ್ದರೆ, ಗೆರೆ ಎ-ಡಿ ಆಗಿದ್ದರೆ, ಮೂಳೆ ಸರಪಳಿ ಕಳಚಿದೆ ಎಂದು ಧೈರ್ಯವಾಗಿ ಅನುಮಾನಿಸಬಹುದು.

ಒಂದು ಬಲೆ ಇಲ್ಲಿದೆ. ಕೆಳಸ್ವರಗಳಲ್ಲಿ ಗಾಳಿ ಮತ್ತು ಮೂಳೆಯ ಅಂತರ ಕಾಣುತ್ತದೆ, ಟಿಂಪನೋಗ್ರಾಮ್ ಸಹಜ, ರಿಫ್ಲೆಕ್ಸೂ ಸಿಗುತ್ತದೆ. ಲೆಕ್ಕ ಕೂಡುತ್ತಿಲ್ಲ, ಅಲ್ವಾ? ನಡುಕಿವಿ ಕೆಟ್ಟಿದ್ದರೆ ರಿಫ್ಲೆಕ್ಸ್ ಸಿಗಬಾರದಿತ್ತು. ಇಂಥವರಲ್ಲಿ ತೊಂದರೆ ನಡುಕಿವಿಯಲ್ಲೇ ಇಲ್ಲದಿರಬಹುದು, ಒಳಕಿವಿಯ ಅರ್ಧವೃತ್ತದ ನಾಳದ ಮೇಲಿನ ಮೂಳೆ ಸವೆದು ಕಿಂಡಿ ಬಿದ್ದಿರಬಹುದು. ತಮ್ಮ ಕಣ್ಣು ಹೊರಳುವ ಸದ್ದೇ ತಮಗೆ ಕೇಳುತ್ತದೆ ಎನ್ನುವ ರೋಗಿಗಳು ಇವರೇ. ಸಿಟಿ ಸ್ಕ್ಯಾನ್ ಆಗದೆ ಇವರ ನಡುಕಿವಿಗೆ ಕತ್ತಿ ಹಾಕಬಾರದು.

ಒತ್ತಡ ಹಾಕದ ಹೊಸ ದಾರಿಗಳು

ವೈಡ್‌ಬ್ಯಾಂಡ್ ಪರೀಕ್ಷೆಯಲ್ಲಿ ಒಂದೇ ಸ್ವರದ ಬದಲು 226 ರಿಂದ 8000 ಹರ್ಟ್ಸ್ ತನಕದ ಕ್ಲಿಕ್ ಶಬ್ದ ಬಿಡುತ್ತಾರೆ. ಯಾವ ಸ್ವರದಲ್ಲಿ ಕಿವಿ ಎಷ್ಟು ಶಬ್ದ ಹೀರಿಕೊಂಡಿತು ಎಂದು ಸೊನ್ನೆಯಿಂದ ಒಂದರ ನಡುವೆ ಗೆರೆ ಬರುತ್ತದೆ. ಸಹಜ ಕಿವಿ ಕೆಳಸ್ವರಗಳನ್ನು ಕಡಿಮೆ, 1000 ರಿಂದ 4000ದ ನಡುವೆ ಜಾಸ್ತಿ ಹೀರುತ್ತದೆ. ನೀರಿದ್ದರೆ ಆ ನಡುಭಾಗವೇ ಕುಸಿಯುತ್ತದೆ. ಸ್ಟೇಪೀಸ್ ಅಂಟಿದ್ದರೆ ಕೆಳಸ್ವರಗಳಲ್ಲಿ ಇನ್ನೂ ಕಡಿಮೆಯಾಗುತ್ತದೆ, ಮೂಳೆ ಕಳಚಿದ್ದರೆ 500 ರಿಂದ 800ರ ಸುತ್ತ ಚೂಪಾದ ಪೀಕ್ ಏಳುತ್ತದೆ. 226 ಹರ್ಟ್ಸಿಗೆ ಕಾಣದ ಸ್ಟೇಪೀಸಿನ ಕಥೆ ಇದರಲ್ಲಿ ಸ್ವಲ್ಪವಾದರೂ ಕಾಣುತ್ತದೆ. ಪ್ರೋಬ್ ಸಡಿಲವಾಗಿ ಕೂತರೆ ಕೆಳಸ್ವರಗಳಲ್ಲಿ ಸುಳ್ಳು ಏರಿಕೆ ಬರುತ್ತದೆ, ನೋಡಿಕೊಳ್ಳಿ.

ಅಕೌಸ್ಟಿಕ್ ರಿಫ್ಲೆಕ್ಟೋಮೆಟ್ರಿ ಇನ್ನೂ ಸರಳ. ಸೀಲೂ ಬೇಡ, ಪಂಪೂ ಬೇಡ. ಶಬ್ದ ಬಿಟ್ಟು ವಾಪಸ್ ಬಂದ ಸದ್ದು ಯಾವ ಸ್ವರದಲ್ಲಿ, ಎಷ್ಟು ಚೂಪಾಗಿ ಇಳಿಯಿತು ಎಂದು ನೋಡುವುದು. ಸಹಜ ಕಿವಿಯಲ್ಲಿ ಇಳಿತ ಅಗಲವಾಗಿರುತ್ತದೆ, ಆಳ ಕಡಿಮೆ. ನೀರಿದ್ದರೆ ಕಿರಿದು ಮತ್ತು ಆಳ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2019ರಲ್ಲಿ ಇದನ್ನೇ ಸ್ಮಾರ್ಟ್‌ಫೋನಿಗೆ ತಂದರು. ಸಾದಾ ಕಾಗದವನ್ನು ಆಲಿಕೆಯಂತೆ ಸುತ್ತಿ ಫೋನಿನ ಸ್ಪೀಕರ್ ಮತ್ತು ಮೈಕ್ ಇರುವ ತುದಿಗೆ ಅಂಟಿಸಿ, ಕಿವಿಯ ಬಾಯಿಗಿಟ್ಟು, 1.8 ರಿಂದ 4.4 ಕಿಲೋಹರ್ಟ್ಸ್‌ನ ಚಿಲಿಪಿಲಿ ಶಬ್ದ ಬಿಡುವುದು. 18 ತಿಂಗಳಿಂದ 17 ವರ್ಷದ 53 ಮಕ್ಕಳಲ್ಲಿ ಪರೀಕ್ಷಿಸಿದಾಗ ನೀರನ್ನು ಶೇ. 85ರಷ್ಟು ಸರಿಯಾಗಿ ಗುರುತಿಸಿತು. ಅವರಲ್ಲಿ ಸುಮಾರು ಅರ್ಧ ಮಕ್ಕಳು ಗ್ರೋಮೆಟ್ ಶಸ್ತ್ರಚಿಕಿತ್ಸೆಗೆ ಬಂದವರು, ತಮಟೆ ತೆರೆದಾಗ ನೀರಿದೆಯಾ ಎಂದು ಕಣ್ಣಾರೆ ಹೋಲಿಸಿ ನೋಡಲು ಸಾಧ್ಯವಾಯಿತು. ಉಪಾಯ ನನಗೆ ಇಷ್ಟ. ಆದರೆ ಎಲ್ಲಿಂದಲೋ ಇಳಿಸಿಕೊಂಡ ಯಾವುದೋ ಆಪ್ ಇದೇ ಕೆಲಸ ಮಾಡುತ್ತದೆ ಎಂದು ನಂಬಬೇಡಿ. ಇದು ನೀರಿದೆಯಾ ಇಲ್ಲವಾ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಚೀಟಿ ಹಿಡಿದು ಮುಂದೇನು

ಈ ಯಾವ ಪರೀಕ್ಷೆಯೂ ನೀರು ಸೋಂಕಿನದೋ ಬರೀ ನೀರೋ ಎಂದು ಹೇಳುವುದಿಲ್ಲ. ಎರಡಕ್ಕೂ ಬಿ ಟೈಪೇ ಬರುತ್ತದೆ. ಜ್ವರ, ನೋವು, ಕೆಂಪಗೆ ಉಬ್ಬಿದ ತಮಟೆ ಇದ್ದರೆ ಅದು ಸೋಂಕು, ಅದರ ಚಿಕಿತ್ಸೆಯೇ ಬೇರೆ. ಇವು ಯಾವುದೂ ಇಲ್ಲದ ಬರೀ ನೀರಾದರೆ, ಮಗುವಿಗೆ ಬೇರೆ ಶ್ರವಣ ಅಥವಾ ಮಾತಿನ ತೊಂದರೆ ಇಲ್ಲದಿದ್ದರೆ, ಸಾಮಾನ್ಯವಾಗಿ 3 ತಿಂಗಳು ಕಾದು ಮತ್ತೆ ಪರೀಕ್ಷಿಸುತ್ತಾರೆ. ಬಹಳಷ್ಟು ಸಲ ತಾನಾಗಿ ಇಳಿಯುತ್ತದೆ. ಇದಕ್ಕೆ ಆಂಟಿಬಯೋಟಿಕ್, ಸ್ಟೀರಾಯ್ಡ್, ನೆಗಡಿ ಮಾತ್ರೆಗಳು ಬೇಡ ಎಂದು ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಸಂಘದ 2016ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. 3 ತಿಂಗಳಾದರೂ ಬಿ ಹೋಗದಿದ್ದರೆ ಆಡಿಯೋಗ್ರಾಮ್ ಮಾಡಿಸಿ, ಗ್ರೋಮೆಟ್ ಬೇಕಾ ಎಂಬ ಮಾತು ಆಗ. ಸೀಳಂಗುಳ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಈ ಕಾಯುವ ಲೆಕ್ಕ ಅನ್ವಯಿಸುವುದಿಲ್ಲ, ಅವರನ್ನು ಬೇಗನೆ ನೋಡಬೇಕು.

ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ಬಿ ಟೈಪ್ ಬಂದು ವಾರಗಟ್ಟಲೆ ಇಳಿಯದಿದ್ದರೆ ಸುಮ್ಮನಿರಬೇಡಿ. ಮೂಗಿನ ಹಿಂಭಾಗದಲ್ಲಿ ನಾಳದ ಬಾಯಿಯನ್ನು ಗಡ್ಡೆ ಮುಚ್ಚಿರಬಹುದು, ಕ್ಯಾನ್ಸರ್ ಕೂಡ ಆಗಿರಬಹುದು. ಕಿವಿಗೆ ಹನಿ ಹಾಕುತ್ತಾ ಕೂರದೆ ಮೂಗಿನೊಳಗೆ ಎಂಡೋಸ್ಕೋಪ್ ಹಾಕಿಸಿ ನೋಡಿಸಿಕೊಳ್ಳಿ. ಹಾಗೆಯೇ ಕಿವಿಯಿಂದ ಕೆಟ್ಟ ವಾಸನೆಯ ಸ್ರಾವ ಪದೇ ಪದೇ ಬರುತ್ತಿದ್ದರೆ ಟಿಂಪನೋಗ್ರಾಮ್ ಸಹಜ ಬಂದರೂ ಲೆಕ್ಕಕ್ಕಿಲ್ಲ. ಮೂಳೆ ತಿನ್ನುವ ಕೊಲೆಸ್ಟಿಯಟೋಮ ಎಂಬ ಚರ್ಮದ ಗಂಟು ಮೇಲಿನ ಮೂಲೆಯಲ್ಲಿ ಅಡಗಿಕೊಂಡು ಬೆಳೆಯುತ್ತದೆ, ಉಳಿದ ತಮಟೆ ಎಂದಿನಂತೆ ಅಲುಗುತ್ತಿರುತ್ತದೆ. ಅದನ್ನು ಹಿಡಿಯುವುದು ಸೂಕ್ಷ್ಮದರ್ಶಕದ ಕೆಳಗೆ ನೋಡುವ ಕಣ್ಣು ಮತ್ತು ಸ್ಕ್ಯಾನ್. ಮುಖ ಒಂದು ಕಡೆ ವಾಲಿದರೆ, ಕಿವಿಯ ಹಿಂದೆ ಊದಿಕೊಂಡರೆ, ಕಿವಿ ನೋವಿನ ಜೊತೆ ತಲೆ ಗಿರ್ರೆಂದು ತಿರುಗಿದರೆ ಯಾವ ಪರೀಕ್ಷೆಗೂ ಸಾಲಿನಲ್ಲಿ ನಿಲ್ಲಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ.

ಹಳೆಯ ಚೀಟಿಗಳನ್ನು ಎಸೆಯಬೇಡಿ. ಹೆಚ್ಚಿನವು ಥರ್ಮಲ್ ಕಾಗದದ ಮೇಲೆ ಬರುತ್ತವೆ, ಕೆಲವು ತಿಂಗಳಲ್ಲಿ ಮಾಸಿ ಬಿಳಿಯಾಗುತ್ತವೆ. ಬಂದ ದಿನವೇ ಫೋಟೋ ತೆಗೆದು, ಎಡ ಯಾವುದು ಬಲ ಯಾವುದು ಎಂದು ಗುರುತು ಹಾಕಿ, ಆ ದಿನ ನೆಗಡಿ ಇತ್ತಾ ಇಲ್ಲವಾ ಎಂದೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.